ಮನೆಗೆ ನಾರು ಹೊದಿಸಿದ ವರ್ಷ

ಮೊನ್ನೆ ಗುಬ್ಬಿಗೆ ಹೋಗಿದ್ದೆ. ನಾನು ಮೊದಲು ಕೆಲಸ ಮಾಡುತ್ತಿದ್ದ ಹೈಸ್ಕೂಲಿನ ಟೀಚರೊಬ್ಬರ ನಿವೃತ್ತಿ ಸಮಾರಂಭ. ಹಾರ, ಶಾಲು, ಭಾಷಣ, ಊಟ ಎಲ್ಲ ಮುಗಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದು ಬರುವಾಗ ದಾರಿಯಲ್ಲಿ ತೆಂಗಿನ ನಾರಿನ ಮಿಲ್ಲೊಂದು ಸಿಕ್ಕಿತು. ಅಂಗಳದ ತುಂಬ ನಾರು ಹರಡಿದ್ದರು. ಹಿಂದಿನ ದಿನ ಮಳೆ ಬಿದ್ದು ಅದು ಚೆನ್ನಾಗಿ ನೆಂದಿತ್ತು. ನೆಂದ ನಾರಿನ ವಾಸನೆ ಮೂಸಿದವರಿಗೇ ಗೊತ್ತು. ಅರ್ಧ ಮಣ್ಣು, ಅರ್ಧ ಹಳೇ ತೆಂಗಿನಕಾಯಿ, ಜೊತೆಗೆ ಒಂಚೂರು ಹುಳಿ. ನನ್ನ ಜೊತೆಗಿದ್ದ ಹೊಸ ಟೀಚರ್ ಮೂಗಿಗೆ ಸೆರಗು ಹಿಡಿದರು. ನಾನು ನಿಂತು ಎದೆ ತುಂಬ ಉಸಿರೆಳೆದುಕೊಂಡೆ.

"ಯಾಕ್ ಮೇಡಂ, ಏನಾಯ್ತು?" ಅಂದರು.

"ನಮ್ಮನೆ ವಾಸನೆ ಕಣ್ರೀ ಇದು" ಅಂದೆ. ಅವರು ನನ್ನನ್ನು ಒಂದು ಥರಾ ನೋಡಿ, ಸೆರಗನ್ನು ಮೂಗಿಗೆ ಇನ್ನಷ್ಟು ಒತ್ತಿ ಹಿಡಿದರು.

ತಮಾಷೆಗೆ ಅಂದದ್ದಲ್ಲ. ಒಂದು ವರ್ಷ, ಆಷಾಢದಿಂದ ದೀಪಾವಳಿವರೆಗೆ, ತುಮಕೂರಿನ ಗುಬ್ಬಿ ಗೇಟ್ ಹತ್ತಿರದ ನಮ್ಮ ಮನೆಯಲ್ಲಿ ಬಾಗಿಲು ತೆಗೆದರೆ ಮೊದಲು ಎದುರಾಗುತ್ತಿದ್ದದ್ದು ಇದೇ ವಾಸನೆ. ರಸ್ತೆ ಕಡೆಯ ಕಿಟಕಿಗೆ ನಾರಿನ ಮ್ಯಾಟು, ಹಾಲಿನ ಗೋಡೆಗೆ ನಾರಿನ ಮ್ಯಾಟು, ವಾಷಿಂಗ್ ಮಿಷನ್ನಿನ ಹಿಂದೆ ನಾರಿನ ಮ್ಯಾಟು. ಎಲ್ಲವೂ ನಮ್ಮ ಅತ್ತೆಯ ಕಿವಿಗಾಗಿ.

ಅತ್ತೆ ಪುಟ್ಟಲಕ್ಷ್ಮಮ್ಮ. ಕುಣಿಗಲ್ ಹತ್ತಿರದ ಹಳ್ಳಿಯಲ್ಲಿ ಮಾವ ಮತ್ತು ಅವರು ಸೇರಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದರು. ಮನೆಯ ಮುಂದಿನ ಅರ್ಧ ಮಿಲ್ಲು, ಹಿಂದಿನ ಅರ್ಧ ಸಂಸಾರ. ಬೆಳಿಗ್ಗೆ ಕರೆಂಟ್ ಬಂದ ಕೂಡಲೇ ಮೋಟಾರು ಶುರುವಾಗುತ್ತಿತ್ತು. ಬೆಲ್ಟು ಪಟಪಟ ಬಡಿಯುತ್ತ, ಕಲ್ಲು ಗರಗರ ತಿರುಗುತ್ತ, ಗೋಡೆಯ ಮೇಲಿನ ದೇವರ ಫೋಟೋಗಳು ಸಣ್ಣಗೆ ನಡುಗುತ್ತಿದ್ದವು. ಮಾವ ಮೇಲೆ ರಾಗಿ ಸುರಿದರೆ ಅತ್ತೆ ಕೆಳಗೆ ಚೀಲ ಹಿಡಿಯುತ್ತಿದ್ದರು. ಗಿರಾಕಿಗಳ ಜೊತೆ ಕೈಸನ್ನೆಯಲ್ಲೇ ವ್ಯವಹಾರ. ಬೆರಳು ಉಜ್ಜಿ ತೋರಿಸಿದರೆ ನುಣ್ಣಗೆ, ಮುಷ್ಟಿ ಅಲ್ಲಾಡಿಸಿದರೆ ತರಿತರಿ. ಸನ್ನೆಯಲ್ಲಿ ಹೇಳಲಾಗದ್ದನ್ನು ಮಾತ್ರ ಬಾಯಲ್ಲಿ ಹೇಳುತ್ತಿದ್ದರು, ಅದೂ ಗಂಟಲು ಹರಿಯುವ ಹಾಗೆ. ಆ ಸದ್ದಿನಲ್ಲೇ ಮಕ್ಕಳು ಹುಟ್ಟಿ, ಆ ಸದ್ದಿನಲ್ಲೇ ಅಳುವುದನ್ನೂ ಮಾತಾಡುವುದನ್ನೂ ಕಲಿತರು. ಕರೆಂಟ್ ಹೋಗಿ ಊರೆಲ್ಲ ತಣ್ಣಗಿದ್ದಾಗಲೂ ಇವರ ಮನೆಯ ಮಾತು ಮಾತ್ರ ಮಿಲ್ಲು ಓಡುತ್ತಿರುವ ಎತ್ತರದಲ್ಲೇ ಇರುತ್ತಿತ್ತು.

ನನ್ನ ತವರು ಗೂಳೂರು. ಅಪ್ಪ ಪೋಸ್ಟಾಫೀಸಿನಲ್ಲಿದ್ದವರು. ಅವರು ಮಾತಾಡಿದರೆ ಪಕ್ಕದಲ್ಲಿ ಕೂತವರಿಗೂ ಅರ್ಧ ಕೇಳಿಸುತ್ತಿತ್ತು. ಅಮ್ಮನಂತೂ "ಮನೆ ಮಾತು ಹೊಸಿಲು ದಾಟಬಾರ್ದು" ಅನ್ನುತ್ತಲೇ ನಮ್ಮನ್ನು ಬೆಳೆಸಿದಳು. ಇಂಥ ಮನೆಗೆ ಹೆಣ್ಣು ನೋಡಲು ಬಂದ ಮಾವ, ಕಾಫಿಯ ಮೊದಲ ಗುಟುಕಿಗೆ "ಕಾಫಿ ಚೆನ್ನಾಗೈತೆ ಕಣಮ್ಮ!" ಅಂದರು ನೋಡಿ, ಹಿತ್ತಿಲಲ್ಲಿದ್ದ ನಮ್ಮ ತಾತ ಯಾರೋ ಜಗಳಕ್ಕೆ ಬಂದಿದ್ದಾರೆಂದು ದೊಣ್ಣೆ ಹಿಡಿದುಕೊಂಡೇ ಒಳಗೆ ಬಂದರು. ಮದುವೆಯಂತೂ ಆಯಿತು. ಆ ದೊಣ್ಣೆಯ ಕಥೆ ಎರಡೂ ಕಡೆಯ ನೆಂಟರ ಬಾಯಲ್ಲಿ ಈಗಲೂ ಓಡಾಡುತ್ತದೆ.

ನಾನು ಸೊಸೆಯಾಗಿ ಹೋಗುವ ಹೊತ್ತಿಗೆ ಅತ್ತೆಯ ಕಿವಿ ಮುಕ್ಕಾಲು ಹೋಗಿತ್ತು. ನಾನು ಏನಾದರೂ ಹೇಳಿದರೆ ಮುಖ ನೋಡಿ ನಗುತ್ತಿದ್ದರು, ಅಷ್ಟೇ. "ಗಂಟಲು ಬಿಟ್ಟು ಹೇಳೇ, ಅಮ್ಮಂಗೆ ಹಿಂಗೆಲ್ಲ ಕೇಳಲ್ಲ" ಅಂತ ಇವರು, ಅಂದರೆ ನನ್ನ ಗಂಡ ಲೋಕೇಶ್, ಹೇಳಿಕೊಟ್ಟರು. ಮೊದಮೊದಲು ನಾಚಿಕೆಯಾಯಿತು. ವರ್ಷ ಕಳೆಯುವುದರೊಳಗೆ ನಾನೂ ಮಿಲ್ಲಿನ ಮನೆಯವಳೇ ಆಗಿಬಿಟ್ಟೆ. ಒಮ್ಮೆ ಅಮ್ಮ ನಮ್ಮನೆಗೆ ಬಂದವಳು, ನಾನು ಅತ್ತೆಗೆ "ಬಿಸಿನೀರು ಕಾದಿದೆ" ಅಂದದ್ದನ್ನು ಕೇಳಿ ಬೆಚ್ಚಿಬಿದ್ದು, "ಏನೇ ಸುಮಾ, ಹೆತ್ತೋರಷ್ಟು ದೊಡ್ಡೋರ ಮೇಲೆ ಹಿಂಗಾ ಕಿರುಚೋದು?" ಅಂತ ಅಡುಗೆಮನೆಗೆ ಎಳೆದುಕೊಂಡು ಹೋಗಿ ಬೈದಿದ್ದಳು. ಅಮ್ಮನಿಗೆ ಇಲ್ಲಿನ ಪದ್ಧತಿ ಗೊತ್ತಿಲ್ಲ ಅಂತ ನಾನು ನಕ್ಕುಬಿಟ್ಟೆ.

ಮಾವ ತೀರಿಕೊಂಡ ಮೇಲೆ ಮಿಲ್ಲು ಮಾರಿ ಅತ್ತೆ ತುಮಕೂರಿಗೆ ನಮ್ಮ ಜೊತೆ ಬಂದರು. ಇವರಿಗೆ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ, ನನಗೆ ಗುಬ್ಬಿಯಲ್ಲಿ ಸ್ಕೂಲು, ನಾರು ಹೊದಿಸಿದ ವರ್ಷ ಮಗಳು ಚಿನ್ನು ಇನ್ನೂ ಎರಡನೇ ಕ್ಲಾಸು. ನಮ್ಮ ಮನೆಯಲ್ಲಿ ಗುಟ್ಟು ಅನ್ನುವುದೇ ಇರಲಿಲ್ಲ. ಸಾಯಂಕಾಲ "ಅತ್ತೆ, ಸಾರು ಏನ್ ಮಾಡ್ಲಿ?" ಅಂತ ನಾನು ಕೇಳಿದರೆ, ಅತ್ತೆಗಿಂತ ಮೊದಲು ಎದುರುಮನೆಯ ನಾಗರತ್ನಮ್ಮ "ನೆನ್ನೆ ಹುರುಳಿಕಾಳು ಆಯ್ತಲ್ಲ, ಇವತ್ತು ಸೊಪ್ಪು ಮಾಡ್ರೀ" ಅಂತ ಕಾಂಪೌಂಡಿನಿಂದಲೇ ಹೇಳುತ್ತಿದ್ದರು. ಕೊರೊನಾ ವರ್ಷಗಳಲ್ಲಿ ಎಲ್ಲರೂ ಮಾಸ್ಕ್ ಹಾಕಿದ ಮೇಲೆ ಅತ್ತೆಗೆ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದೂ ತಪ್ಪಿಹೋಯಿತು. ಆಗಿನಿಂದ ಅವರು ಜನರ ನಡುವೆ ಕೂರುವುದನ್ನೇ ಬಿಟ್ಟರು. ಮಾಸ್ಕುಗಳು ಹೋದವು, ಅತ್ತೆ ಮಾತ್ರ ತಮ್ಮ ಕೋಣೆಯಿಂದ ಈಚೆಗೆ ಬರಲಿಲ್ಲ.

ನನಗೆ ಹೆಚ್ಚು ಸಂಕಟವಾಗುತ್ತಿದ್ದದ್ದು ಚಿನ್ನು ವಿಷಯದಲ್ಲಿ. ಅವಳದು ನನ್ನ ಅಪ್ಪನ ದನಿ. ಸ್ಕೂಲಿನಿಂದ ಬಂದು ಅಜ್ಜಿಯ ತೊಡೆಯ ಮೇಲೆ ಕೂತು ಕಥೆ ಹೇಳಲು ಶುರುಮಾಡುತ್ತಿದ್ದಳು. ಅಜ್ಜಿ ನಗಬೇಕಾದ ಕಡೆ ನಗುತ್ತಿರಲಿಲ್ಲ, ಸುಮ್ಮನಿರಬೇಕಾದ ಕಡೆ ನಗುತ್ತಿದ್ದರು. "ಅಜ್ಜಿಗೆ ಹೇಳಿ ವೇಸ್ಟು ಅಮ್ಮ" ಅಂತ ಒಂದು ದಿನ ಮಗು ಅಂದುಬಿಟ್ಟಿತು. ಆವತ್ತೇ ನಾವು ಕಿವಿ ಮಿಷನ್ನು ಹಾಕಿಸುವುದು ಅಂತ ತೀರ್ಮಾನ ಮಾಡಿದೆವು.

ಕಿವಿ ಪರೀಕ್ಷೆ ಮಾಡಿದ ಹುಡುಗಿ ಬಹಳ ತಾಳ್ಮೆಯವಳು. ಮಿಷನ್ನನ್ನು ಅತ್ತೆಯ ಕಿವಿಗೆ ಕೂರಿಸಿ, ನಮಗೆ ಬಿಡಿಸಿ ಹೇಳಿದಳು. "ಇದು ಬೇಕಾದ ಸದ್ದು ಬೇಡದ ಸದ್ದು ಅಂತ ನೋಡಲ್ಲ, ಎಲ್ಲಾನೂ ದೊಡ್ಡದು ಮಾಡುತ್ತೆ. ತುಂಬಾ ಜನ ಗಲಾಟೆ ತಡೆಯಕ್ಕಾಗದೆ ಡಬ್ಬೀಲಿಟ್ಟುಬಿಡ್ತಾರೆ. ಒಂದೆರಡು ತಿಂಗಳು ಮನೇಲಿ ಸದ್ದು ಕಮ್ಮಿ ಮಾಡಿ. ಮತ್ತೆ ನೀವೂ ಕೂಗ್ಬೇಡಿ, ಮುಖ ಕೊಟ್ಟು ನಿಧಾನಕ್ಕೆ ಮಾತಾಡಿ."

"ಆಯ್ತು ಮೇಡಂ!" ಅಂದೆವು ನಾನೂ ಇವರೂ ಒಟ್ಟಿಗೆ. ಹೊರಗೆ ಬೆಂಚಿನ ಮೇಲೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ಹುಡುಗಿ ಏನೋ ಹೇಳಲು ಬಾಯಿ ತೆರೆದು, ಮುಂದಿನವರನ್ನು ಕರೆದಳು.

ಮೊದಲ ದಿನವೇ ಅನಾಹುತ. ಅತ್ತೆ ಮಿಷನ್ನು ಹಾಕಿಕೊಂಡು ಹಾಲಿನಲ್ಲಿ ಕೂತಿದ್ದಾರೆ, ಅಡುಗೆಮನೆಯಲ್ಲಿ ಕುಕ್ಕರು ವಿಷಲ್ ಹೊಡೆಯಿತು. ಅತ್ತೆ ಎದ್ದು ನಿಂತುಬಿಟ್ಟರು. ಅವರನ್ನು ಕೂರಿಸೋಣವೆಂದು ಇವರು ಕುರ್ಚಿ ಎಳೆದರು; ಟೈಲ್ಸಿನ ಮೇಲೆ ಆ ಕುರ್ಚಿ ಕಿರ್ರೆಂದಿತು. ಅಷ್ಟರಲ್ಲಿ ಆಷಾಢದ ಗಾಳಿಗೆ ಹಿಂಬಾಗಿಲು ದಢಾರ್ ಅಂತ ಬಡಿದು, ಸ್ಟ್ಯಾಂಡಿನಲ್ಲಿದ್ದ ತಟ್ಟೆಗಳು ಉರುಳಿಬಿದ್ದವು. ಏನಾಯಿತೆಂದು ನಾವಿಬ್ಬರೂ ಕೂಗಿಕೊಂಡು ಓಡಿಬಂದೆವು. ಅತ್ತೆ ಮಿಷನ್ನು ಕಿತ್ತು ಎಲೆಅಡಿಕೆ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದರು.

"ಅಯ್ಯೋ ಬುಡ್ರಪ್ಪ, ನಿಮ್ಮನೆಗಿಂತ ನಮ್ ಮಿಲ್ಲೇ ವಾಸಿ. ನನ್ ಕಿವಿ ಹೋಗಿರೋದೇ ನೆಮ್ದಿ ಕಣ್ಲಾ ಲೋಕಿ. ದೀಪಾವಳಿ ಮುಗೀಲಿ, ನಾನು ಯಡಿಯೂರಿಗೆ ಗಂಗಿ ಮನೆಗೆ ಹೋಗ್ತೀನಿ."

ಗಂಗಿ ಅಂದರೆ ಅತ್ತೆಯ ತಂಗಿ ಗಂಗಮ್ಮ. ಯಡಿಯೂರಿನಲ್ಲಿ ತೋಟದೊಳಗೆ ಅವರ ಮನೆ. ಅವರಿಗೂ ಕಿವಿ ಕೇಳುವುದಿಲ್ಲ. "ಅವ್ಳೂ ಕಿವುಡಿ, ನಾನೂ ಕಿವುಡಿ, ಮಾತಾಡೋ ತಾಪತ್ರಯಾನೇ ಇಲ್ಲ" ಅಂತ ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಅತ್ತೆ ಅಲ್ಲಿಗೆ ಹೋದರೆ ಮಿಷನ್ನು ಡಬ್ಬಿಯಿಂದ ಈಚೆಗೆ ಬರುವುದಿಲ್ಲ, ಅತ್ತೆಯೂ ಮತ್ತೆ ಯಾರ ಮಾತಿಗೂ ಸಿಕ್ಕುವುದಿಲ್ಲ ಅನ್ನುವುದು ನನಗೆ ಖಾತ್ರಿಯಾಗಿತ್ತು. ದೀಪಾವಳಿಯೊಳಗೆ ಮನೆಯ ಸದ್ದು ಅಡಗಿಸಬೇಕು. ಹಾಗಂತ ಗಂಡ ಹೆಂಡತಿ ಪಣ ತೊಟ್ಟೆವು.

ಇವರದು ಫ್ಯಾಕ್ಟರಿ ತಲೆ. ದೊಡ್ಡ ಮಿಷನ್ನುಗಳ ಕೆಳಗೆ ರಬ್ಬರ್ ಹಾಕಿ ಅದುರಾಟ ತಗ್ಗಿಸುವುದನ್ನು ದಿನಾ ನೋಡುತ್ತಿದ್ದರು. ಸೂಪರ್‌ವೈಸರನ್ನು ಕೇಳಿ, ಸವೆದುಹೋದ ಬೆಲ್ಟಿನ ತುಂಡುಗಳನ್ನು ತಂದು ವಾಷಿಂಗ್ ಮಿಷನ್ನಿನ ಕಾಲಿಗೆ, ನೀರಿನ ಮೋಟಾರಿನ ಅಡಿಗೆ ಕೊಟ್ಟರು. ಕುರ್ಚಿ, ಸ್ಟೂಲು, ಮಂಚ ಎಲ್ಲದರ ಕಾಲಿಗೂ ರಬ್ಬರ್ ಬುಷ್ಷು ಬಂತು. ಬಾಗಿಲ ಚೌಕಟ್ಟಿಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಹೊಡೆದರು. ಆಮೇಲೆ ಬಾಗಿಲು ಗಾಳಿಗೆ ಎಷ್ಟು ಜೋರಾಗಿ ಬಡಿದರೂ 'ದೊಪ್' ಅನ್ನುತ್ತಿತ್ತು, ಅಷ್ಟೇ. ಮಿಕ್ಸಿಯ ಅಡಿಗೆ ನಾನು ನಾಲ್ಕು ಮಡಿಕೆಯ ಗೋಣಿತಾಟು ಹಾಸಿದೆ. ಕುಕ್ಕರನ್ನು ಅಟ್ಟಕ್ಕೆ ಹಾಕಿ ಅನ್ನವನ್ನು ಪಾತ್ರೆಯಲ್ಲೇ ಬಸಿಯತೊಡಗಿದೆ. ಬೆಳಿಗ್ಗೆ ಸ್ಕೂಲಿನ ಬಸ್ಸಿಗೆ ಓಡುವವಳಿಗೆ ಅನ್ನ ಬಸಿಯುತ್ತ ನಿಲ್ಲುವುದೆಂದರೆ ಏನು ಅನ್ನುವುದು ಮಾಡಿದವರಿಗೇ ಗೊತ್ತು.

ಆಮೇಲೆ ಹಾಲಿನ ಮಧ್ಯೆ ನಿಂತು ಇವರು ಒಂದು ಚಪ್ಪಾಳೆ ತಟ್ಟಿದರು. ಗೋಡೆಯಿಂದ ಗೋಡೆಗೆ ಸದ್ದು ಹಾರಾಡಿತು. "ನೋಡ್ದಾ? ಬರೀ ಟೈಲ್ಸು, ಬರೀ ಗೋಡೆ. ಸದ್ದಿಗೆ ಕೂರಕ್ಕೆ ಜಾಗಾನೇ ಇಲ್ಲ. ಮೆತ್ತಗಿರೋದು ಏನಾದ್ರೂ ಬೇಕು" ಅಂದರು. ಮೆತ್ತಗಿರುವುದಕ್ಕೆ ನಮ್ಮ ಸೀಮೆಯಲ್ಲಿ ಬರವೇ? ಗುಬ್ಬಿಯಲ್ಲಿ ನಾರಿನ ಮಿಲ್ಲಿನವರ ಹತ್ತಿರ ಅಂಚು ಹಾಳಾದ ಮ್ಯಾಟುಗಳು ಸಿಕ್ಕವು. ವಾರಕ್ಕೊಂದೆರಡು ಸುರುಳಿಯಂತೆ ಬಸ್ಸಿನಲ್ಲೇ ತರುತ್ತಿದ್ದೆ. ಕಂಡಕ್ಟರ್ ಮೊದಲ ಸಲ ಲಗೇಜು ಟಿಕೆಟ್ ಕೊಟ್ಟ. ಎರಡನೇ ಸಲ "ಏನ್ ಮೇಡಂ, ಮನೇಲಿ ಎಮ್ಮೆ ಕಟ್ತಾ ಇದೀರಾ?" ಅಂದ. ಮೂರನೇ ಸಲ ಅತ್ತೆಯ ಕಿವಿಯ ಕಥೆ ಹೇಳಿದ ಮೇಲೆ, ತಾನೇ ಇಳಿದು ಸುರುಳಿ ಇಳಿಸಿಕೊಟ್ಟ.

ಹೀಗೆ ಮನೆಗೆ ನಾರು ಹೊದಿಸಿದ್ದಾಯಿತು. ಹಿಂದೆ ಪಾತ್ರೆ ತೊಳೆಯುವ ಜಾಗದ ಮೇಲೆ ತಗಡಿನ ಶೀಟಿತ್ತು. ಮಳೆ ಬಂದರೆ ಅದರ ಮೇಲೆ ಯಾರೋ ಕಲ್ಲು ಸುರಿದ ಹಾಗಾಗುತ್ತಿತ್ತು. ಉತ್ತರೆ ಮಳೆ ಹಿಡಿಯುವ ಮುಂಚೆ ಗೂಳೂರಿನಿಂದ ತೆಂಗಿನ ಗರಿ ತರಿಸಿ, ಗೋಣಿಚೀಲ ಹಾಸಿ, ಅದರ ಮೇಲೆ ಗರಿ ಕಟ್ಟಿದೆವು. ಮಳೆ ಬಂದ ದಿನ ಚಿನ್ನು ಕೆಳಗೆ ನಿಂತು ಕೇಳಿ, "ಅಪ್ಪಾ, ಮಳೆ ಗುಸುಗುಸು ಅಂತಿದೆ" ಅಂದಳು. ಆಗಂತೂ ಅವಳಿಗೆ ಚಪ್ಪಾಳೆಯದೇ ಆಟ. ಕೋಣೆಯಿಂದ ಕೋಣೆಗೆ ಹೋಗಿ ತಟ್ಟುವುದು, ತಲೆ ಓರೆ ಮಾಡಿ ಕೇಳುವುದು, ಪಾಸು ಫೇಲು ಹೇಳುವುದು. ಆ ನಾರಿನ ದೂಳಿಗೆ ನಾವೆಲ್ಲ ಸೀನಿ ಸೀನಿ ಸುಸ್ತಾದೆವು. ಮ್ಯಾಟುಗಳ ಹಿಂದೆ ಹಲ್ಲಿಗಳು ಬಿಡಾರ ಹೂಡಿದವು. ನಾಗರತ್ನಮ್ಮ ಬಂದು ನೋಡಿ, "ಅಂತೂ ಗುಬ್ಬಿ ಗೇಟಲ್ಲಿ ಗುಬ್ಬಿಗೂಡೇ ಕಟ್ಬುಟ್ರಿ" ಅಂದರು.

ಅತ್ತೆ ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದರು. ತಮಗಾಗಿ ಇಷ್ಟು ಒದ್ದಾಡುತ್ತಿದ್ದಾರಲ್ಲ ಅನ್ನಿಸಿರಬೇಕು, ಒಂದು ಬೆಳಿಗ್ಗೆ ತಾವೇ ಡಬ್ಬಿಯಿಂದ ಮಿಷನ್ನು ತೆಗೆದು ಹಾಕಿಕೊಂಡರು. ಸಂಜೆ ಚಿನ್ನು ಕುಣಿದುಕೊಂಡು ಬಂದು, "ಅಮ್ಮ, ಅಜ್ಜಿ ಕರೆಕ್ಟಾಗಿ ನಕ್ರು!" ಅಂದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಓಡಿಹೋಗಿ ಅತ್ತೆಯ ಕೋಣೆಗೆ ಇಣುಕಿದರೆ, ಮಿಷನ್ನು ಡಬ್ಬಿಯಲ್ಲಿತ್ತು.

ದಿನಾ ಹೀಗೇ. ನಾವು ಕೆಲಸಕ್ಕೆ ಹೋದ ಮೇಲೆ ಹಾಕಿಕೊಳ್ಳುತ್ತಿದ್ದರು, ಮಗಳು ಸ್ಕೂಲಿನಿಂದ ಬಂದರೆ ಇಬ್ಬರೂ ಮಾತಾಡುತ್ತಿದ್ದರು, ನಾವು ಮನೆಗೆ ಬರುವ ಹೊತ್ತಿಗೆ ತೆಗೆದಿಟ್ಟುಬಿಡುತ್ತಿದ್ದರು. ಯಾಕೆ ಅಂದರೆ "ಸಾಯಂಕಾಲ ತಲೆನೋವು ಬತ್ತದೆ ಕಣವ್ವ" ಅನ್ನುತ್ತಿದ್ದರು. ಸಾಯಂಕಾಲ ಬಸ್ಸು ಲಾರಿಗಳ ಓಡಾಟ ಜಾಸ್ತಿ, ಅದೇ ಕಾರಣ ಅಂತ ಇವರು ಲೆಕ್ಕ ಹಾಕಿದರು. ಕಿಟಕಿಗೆ ಇನ್ನೊಂದು ಪದರ ಮ್ಯಾಟು ಬಂತು. ಅದರ ಮೇಲೆ ನನ್ನಮ್ಮ ಹೊಲಿದುಕೊಟ್ಟ ಕೌದಿ ಬಂತು. ಹಾಡುಹಗಲೇ ಹಾಲಿನಲ್ಲಿ ಲೈಟು ಹಾಕಬೇಕಾಯಿತು. ಅತ್ತೆಯ ಸಾಯಂಕಾಲದ ತಲೆನೋವು ಮಾತ್ರ ಹೋಗಲಿಲ್ಲ. ನನಗೆ ನಿಜಕ್ಕೂ ದಿಗಿಲಾಯಿತು. ಹಬ್ಬ ಹತ್ತಿರ ಬರುತ್ತಿತ್ತು. ಗಂಗಮ್ಮನ ಮಗ ಹಬ್ಬದ ಮಾರನೇ ದಿನ ಕಾರು ತರುತ್ತೇನೆಂದು ಫೋನೂ ಮಾಡಿದ್ದ.

ಇದರ ನಡುವೆ ನಮ್ಮ ಸ್ಕೂಲಿನಲ್ಲಿ ತಾಲ್ಲೂಕು ಮಟ್ಟದ ಕ್ರೀಡಾಕೂಟ. ಮೈಕು ಕೈಕೊಟ್ಟಿತು. ದೊಡ್ಡ ಬಾಯಿಯ ಟೀಚರು ಅಂತ ನನ್ನನ್ನೇ ಮೈದಾನದ ಮಧ್ಯೆ ನಿಲ್ಲಿಸಿದರು. ಸಂಜೆ ಮನೆಗೆ ಬರುವಾಗ ನನ್ನ ಗಂಟಲಿನಿಂದ ಗಾಳಿ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಡಾಕ್ಟರು ನೋಡಿ, "ಕ್ಲಾಸಲ್ಲಿ ಕೂಗ್ತೀರ ಸರಿ, ಮನೇಲೂ ಕೂಗ್ತೀರಾ?" ಅಂತ ಕೇಳಿದರು. "ಅತ್ತೆಗೆ ಕಿವಿ ಕೇಳಲ್ಲ" ಅಂತ ಜೊತೆಗೆ ಬಂದಿದ್ದ ಇವರು ಹೇಳಿದರು. ಹದಿನೈದು ದಿನ ದನಿ ಎತ್ತಲೇಬಾರದು, ಮಾತಾಡಲೇಬೇಕಾದರೆ ಮೆತ್ತಗೆ ಎರಡು ಮಾತು ಅಂತ ಅವರು ಕಟ್ಟಪ್ಪಣೆ ಮಾಡಿದರು. ಅದೇ ವಾರ ಇವರಿಗೆ ಸೆಕೆಂಡ್ ಶಿಫ್ಟು ಬಂತು. ಹೀಗಾಗಿ ಸಂಜೆ ಹೊತ್ತು ಮನೆಯಲ್ಲಿ ನಾವು ಮೂರೇ ಜನ ಹೆಂಗಸರು, ಅದರಲ್ಲಿ ಒಬ್ಬಳಿಗೆ ದನಿಯಿಲ್ಲ.

ಎರಡನೇ ದಿನವೋ ಮೂರನೇ ದಿನವೋ ಇರಬೇಕು. ಹೊರಗೆ ಹಸ್ತದ ಮಳೆ ಜಿನುಗುತ್ತಿತ್ತು. ನಾನೂ ಅತ್ತೆಯೂ ನೆಲದ ಮೇಲೆ ಕೂತು ದಂಟಿನ ಸೊಪ್ಪು ಸೋಸುತ್ತಿದ್ದೆವು. ಮಾತು ಬೇಡವೆಂದು ಡಾಕ್ಟರು ಹೇಳಿದ್ದರಿಂದ ಸುಮ್ಮನಿದ್ದೆ. ಒಂದು ದಂಟು ಬಲಿತಿತ್ತು. ಅಭ್ಯಾಸ ಬಲದಿಂದ, ನನ್ನಷ್ಟಕ್ಕೆ ಅನ್ನುವ ಹಾಗೆ, "ಇದು ಬಲಿತಿದೆ ಅಲ್ವಾ ಅತ್ತೆ" ಅಂದೆ.

"ಊಂ, ಬಲ್ತೈತೆ. ಬಿಸಾಕು" ಅಂದರು ಅತ್ತೆ.

ನಾನು ತಲೆ ಎತ್ತಿದೆ. ಅತ್ತೆಯ ಕಿವಿಯಲ್ಲಿ ಮಿಷನ್ನು ಇತ್ತು. ಹೊತ್ತು ಮುಳುಗಿತ್ತು, ಹೊರಗೆ ಬಸ್ಸುಗಳು ಹಾರನ್ ಹೊಡೆಯುತ್ತಲೇ ಇದ್ದವು. ಅತ್ತೆ ಸೊಪ್ಪು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಏನವ್ವ ಸುಮಾ, ನಿನ್ ದನಿ ಇದೇನಾ?"

ಗಂಟಲು ಕೆಟ್ಟಿರುವುದಕ್ಕೆ ಹೀಗಾಗಿದೆ ಅಂತ ಹೇಳಹೊರಟೆ. ಅವರು ಕೈಯೆತ್ತಿ ತಡೆದರು. "ಅದಲ್ಲ ಕಣವ್ವ. ಇಷ್ಟು ಮೆತ್ತಗೆ ಮಾತಾಡ್ತೀಯಾ ನೀನು? ನಮ್ಮನೆಗೆ ಬಂದಾಗಿಂದ ನೀನು ನನ್ನ ಬೈತಾನೇ ಇದೀಯ ಅಂದ್ಕೊಂಡಿದ್ನಲ್ಲೇ."

"ಬೈಯೋದಾ? ನಾನ್ಯಾವಾಗ ಬೈದೆ ಅತ್ತೆ?"

"ನಂಗೇನ್ ಕೇಳ್ತಿತ್ತಾ? ಮುಖ ನೋಡ್ತಿದ್ದೆ ಅಷ್ಟೇಯ. ಊಟಕ್ಕೆ ಬನ್ನಿ ಅಂತಿದ್ಯೋ ಏನೋ ನೀನು. ನಂಗೆ ಕಾಣ್ತಿದ್ದಿದ್ದು, ಕಣ್ಣು ಅಗಲ ಮಾಡ್ಕೊಂಡು, ಕತ್ತಿನ ನರ ಉಬ್ಬಿಸ್ಕೊಂಡು ನಿಂತಿರೋ ಹೆಂಗ್ಸು. ಕೂಗೋ ಮುಖನೂ ಕೋಪದ ಮುಖನೂ ಒಂದೇ ಥರ ಇರ್ತದೆ ಕಣವ್ವ. ನನ್ ಕಂಡ್ರೆ ನಿಂಗಾಗಲ್ಲ, ಆದ್ರೂ ಮನೆತನಸ್ತೆ, ಹೊತ್ ಹೊತ್ತಿಗೆ ಊಟ ಹಾಕ್ತಾಳೆ ಅಂದ್ಕೊಂಡಿದ್ದೆ. ಮಿಷನ್ ಹಾಕಿದ್ಮೇಲೆ ಇನ್ನೂ ಜಾಸ್ತಿ ಆಯ್ತು. ಇಬ್ರೂ ಬಂದು ಕಿವಿ ಹತ್ರ ಕಿರುಚ್ತಿದ್ರಿ. ನೀವು ಗೇಟ್ ತೆಗೆಯೋ ಸದ್ದಾದ್ರೆ ಸಾಕು, ತೆಗೆದಿಟ್ಬುಡ್ತಿದ್ದೆ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅನ್ನುತ್ತಾರಲ್ಲ, ಹಾಗಾಗಿತ್ತು ನಮ್ಮ ಕಥೆ. ಬಾಗಿಲಿಗೆ ಟ್ಯೂಬು, ಕುರ್ಚಿಗೆ ಬುಷ್ಷು, ಮಳೆಗೆ ಗರಿ ಕಟ್ಟಿ, ಬಾಯಿಗಳನ್ನು ಮಾತ್ರ ಹಾಗೇ ಬಿಟ್ಟಿದ್ದೆವು. ನನಗೆ ಮೊದಲು ನಗು ಬಂತು. ನಗುನಗುತ್ತಲೇ ಅಳು ಬಂತು. ಇಷ್ಟು ವರ್ಷ ಈ ಹೆಂಗಸು ನಾನು ದಿನವಿಡೀ ಬೈಯುತ್ತೇನೆ ಅಂದುಕೊಂಡೂ ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಾರೆ, ನನ್ನ ಬಾಣಂತನ ಮಾಡಿದ್ದಾರೆ, ನನಗೆ ಜ್ವರ ಬಂದರೆ ಗಂಜಿ ಕಾಯಿಸಿ ಕುಡಿಸಿದ್ದಾರೆ. ಬೈಯುವ ಸೊಸೆಗೆ ಯಾರು ಮಾಡುತ್ತಾರೆ ಇಷ್ಟನ್ನು? ಅತ್ತೆ ಸೊಪ್ಪಿನ ಕೈಯಲ್ಲೇ ನನ್ನ ಕಣ್ಣೊರೆಸಿ, "ಅಳಬ್ಯಾಡ, ಗಂಟ್ಲು ನೋಯ್ತದೆ" ಅಂದರು.

ಆಮೇಲೆ ಇವರಿಗೆ ಕಲಿಸುವ ಕೆಲಸ. ಅದು ಮಾತ್ರ ಬೆಟ್ಟ ಹೊತ್ತಷ್ಟೇ ಕಷ್ಟವಾಯಿತು. "ಕೂಗ್ಬೇಡ್ರೀ" ಅಂದರೆ "ನಾನೆಲ್ಲಿ ಕೂಗ್ದೆ!" ಅಂತ ಕೂಗುತ್ತಿದ್ದರು. ಚಿನ್ನು ಅಪ್ಪನ ಹಿಂದೆ ಮುಂದೆ ಸುತ್ತುತ್ತ, ದನಿ ಏರಿದರೆ ಮೀಸೆ ಹಿಡಿದು ಜಗ್ಗುತ್ತಿದ್ದಳು. ಒಂದು ಭಾನುವಾರ ಇವರು ತಮ್ಮ ಅಮ್ಮನೆದುರು ಕೂತು, ತುಂಬ ಹೊತ್ತು ಗಂಟಲು ಸರಿಮಾಡಿಕೊಂಡು, ಪಿಸುದನಿಯಲ್ಲಿ "ಅಮ್ಮ, ಕಾಫಿ ಕುಡೀತೀಯಾ?" ಅಂತ ಕೇಳಿದರು. "ಕುಡೀತೀನಿ ಕಣಪ್ಪ" ಅಂದರು ಅತ್ತೆ. ಇವರು ಅಡುಗೆಮನೆಗೆ ಬಂದು, ನನ್ನ ಕಡೆ ಬೆನ್ನು ಮಾಡಿ, ಬಹಳ ಹೊತ್ತು ಲೋಟ ತೊಳೆದರು. ಅತ್ತೆಯೂ ತಮ್ಮ ದನಿ ತಮಗೆ ಕೇಳಿಸತೊಡಗಿದ ಮೇಲೆ ತಾವಾಗಿಯೇ ಇಳಿಸಿದರು. ನಮ್ಮ ಸಾರಿನ ಸುದ್ದಿ ಕೇಳಿಸದೇ ಹೋಗಿ ನಾಗರತ್ನಮ್ಮ, "ಏನ್ರೀ, ಎಲ್ಲಾ ಹುಷಾರಾಗಿದೀರ ತಾನೆ?" ಅಂತ ವಿಚಾರಿಸಿಕೊಳ್ಳಲು ಬಂದರು. ಕಿಟಕಿಯ ಮ್ಯಾಟುಗಳನ್ನು ಒಂದೊಂದಾಗಿ ಬಿಚ್ಚಿದೆವು. ಮನೆಗೆ ಬೆಳಕು ಬಂತು.

ಇಷ್ಟಾದ ಮೇಲೆ ಯಡಿಯೂರಿನ ಮಾತು ತಾನಾಗಿ ಬಿದ್ದುಹೋಯಿತು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಹೊರಡುವ ನಿರ್ಧಾರ ಅತ್ತೆಯ ಮನಸ್ಸಿನಲ್ಲಿ ಇನ್ನೂ ಗಟ್ಟಿಯಾಗಿತ್ತು. ಕಾರಣ ನನ್ನ ಗಂಟಲು. ಡಾಕ್ಟರು ಕೇಳಿದ್ದನ್ನೂ ಇವರು ಹೇಳಿದ್ದನ್ನೂ ಚಿನ್ನು ಅಜ್ಜಿಗೆ ಚಾಚೂ ತಪ್ಪದೆ ಒಪ್ಪಿಸಿದ್ದಳು, ಅಜ್ಜಿಗೆ ಈಗ ಎಲ್ಲವೂ ಕೇಳುತ್ತಿತ್ತಲ್ಲ. "ನನ್ ದೆಸೆಯಿಂದ ನಿನ್ ಗಂಟ್ಲು ಹೋಯ್ತು. ಪಾಠ ಹೇಳೋಳು ನೀನು, ಅದೇ ನಿನ್ ಅನ್ನ. ಮಿಷನ್ನು ಇವತ್ತಿರ್ತದೆ, ನಾಳೆ ಕೆಡ್ತದೆ. ಮತ್ತೆ ಕೂಗ್ಬೇಕಾಯ್ತದೆ. ಬ್ಯಾಡ, ನಾನು ಗಂಗಿ ಮನೇಲಿರ್ತೀನಿ" ಅಂದರು. ಇವರು "ಅಮ್ಮಂಗೆ ಎಲ್ಲಿ ಇಷ್ಟವೋ ಅಲ್ಲಿರ್ಲಿ, ಬಲವಂತ ಮಾಡೋದ್ ಬೇಡ" ಅಂದುಬಿಟ್ಟರು. ಗಂಡು ಮಕ್ಕಳ ಬುದ್ಧಿಯೇ ಹೀಗೆ. ಇರು ಅಂತ ಬಾಯಿ ಬಿಟ್ಟು ಹೇಳುವುದಿಲ್ಲ, ಅದನ್ನೇ ದೊಡ್ಡತನ ಅಂದುಕೊಳ್ಳುತ್ತಾರೆ.

ಹಬ್ಬ ಬಂತು. ಬೀದಿಯಲ್ಲಿ ಪಟಾಕಿ ಶುರುವಾದಾಗ ಅತ್ತೆ ಮಿಷನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು. ಡಬ್ಬಿಗೆ ಹಾಕಲಿಲ್ಲ. ಸದ್ದು ನಿಂತ ಕೂಡಲೇ ತಾವೇ ಕಿವಿಗೆ ಇಟ್ಟುಕೊಂಡು, ಚಿನ್ನುವನ್ನು ಹತ್ತಿರ ಕರೆದು "ಏನಂದೆ ಪುಟ್ಟಿ?" ಅಂದರು. ಅದನ್ನು ನೋಡಿ ಸಂತೋಷವಾಯಿತು, ಮರುಗಳಿಗೆಯೇ ನಾಳೆ ಇವರು ಹೊರಟುಬಿಡುತ್ತಾರಲ್ಲ ಅನ್ನುವುದು ನೆನಪಾಯಿತು. ಹಬ್ಬದ ಅಡುಗೆ ಮಾಡುತ್ತಲೇ ಇದ್ದೆ, ಏನು ತಿಂದೆನೋ ನೆನಪಿಲ್ಲ.

ಮಾರನೇ ಬೆಳಿಗ್ಗೆ ಗಂಗಮ್ಮನ ಮಗ ಕುಣಿಗಲ್ ದಾಟಿದ್ದೇನೆ ಅಂತ ಫೋನು ಮಾಡಿದ. ಅತ್ತೆ ತಲೆಗೆ ನೀರು ಹಾಕಿಕೊಂಡು, ಬ್ಯಾಗು ತುಂಬಿ, ಮಂಚದ ಮೇಲೆ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಎಷ್ಟೋ ವರ್ಷಗಳಿಂದ ಅವರಿಗೆ ಬಿಸಿನೀರು ಕಾದಿದೆ, ಊಟ ಆಗಿದೆ, ಮಾತ್ರೆ ತಗೊಳ್ಳಿ, ಕರೆಂಟ್ ಹೋಗಿದೆ ಅಂತ ಕೂಗಿ ಹೇಳಿದ್ದೆ. ಕೂಗಿ ಹೇಳಬಹುದಾದದ್ದು ಅಷ್ಟೇ. ಪ್ರೀತಿಯ ಮಾತನ್ನು ಬೀದಿಗೆಲ್ಲ ಕೇಳಿಸುವ ಹಾಗೆ ಯಾರು ಹೇಳುತ್ತಾರೆ? ಹೇಳದೇ ಹೇಳದೇ, ಅಂಥ ಮಾತುಗಳಿರುತ್ತವೆ ಅನ್ನುವುದೇ ನಮ್ಮಿಬ್ಬರಿಗೂ ಮರೆತುಹೋಗಿತ್ತು. ನನಗೆ ಅವರ ಮುಖ ನೋಡಲು ಧೈರ್ಯ ಸಾಲಲಿಲ್ಲ. ಅವರ ಕೈ ಹಿಡಿದುಕೊಂಡು, ನನಗೆ ಅಪ್ಪ ಕೊಟ್ಟ ದನಿಯಲ್ಲಿ ಹೇಳಿದೆ.

"ಹೋಗ್ಬೇಡಿ ಅತ್ತೆ. ನೀವಿಲ್ದಿದ್ರೆ ನಂಗೆ ಬೇಜಾರಾಗುತ್ತೆ."

ರಸ್ತೆಯಲ್ಲಿ ಒಂದು ಬಸ್ಸು ಹಾದುಹೋಯಿತು.

"ಇನ್ನೊಂದ್ಸಲ ಹೇಳು" ಅಂದರು ಅತ್ತೆ.

"ಕೇಳಿಸ್ಲಿಲ್ವಾ ಅತ್ತೆ?"

"ಕೇಳಿಸ್ತು ಕಣವ್ವ. ಅದಕ್ಕೇ."

ನಾನು ಇನ್ನೊಂದು ಸಲ ಹೇಳಿದೆ. ಈ ಸಲ ಅವರು ನನ್ನ ಮುಖ ನೋಡಲಿಲ್ಲ, ತುಟಿ ನೋಡಲಿಲ್ಲ, ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಬ್ಯಾಗನ್ನು ನನ್ನ ಕಡೆ ತಳ್ಳಿ, "ತಗೋ, ಸೀರೆ ಬೀರೂಲಿಡು" ಅಂದರು, ಪಕ್ಕದ ಕೋಣೆಗೂ ಕೇಳಿಸದಷ್ಟು ಮೆತ್ತಗೆ.